ಮೊದಲು ಕೆಳಗಿನ ಮನೆಯವರಿಗೆ ಹೇಳು

ಮೊನ್ನೆ ರಾತ್ರಿ ಪುಣೆಯಿಂದ ಫೋನ್ ಮಾಡಿ, "ದೊಡ್ಡಮ್ಮ, ಹನುಮಂತನಗರದ ಮನೆ ಮಾರಿಬಿಡೋಣ ಅಂತ ಅಕ್ಕಾನೂ ನಾನೂ ತೀರ್ಮಾನ ಮಾಡಿದ್ವಿ, ಬ್ರೋಕರ್‌ಗೂ ಹೇಳಾಯ್ತು" ಅಂದೆ. ಮಾರು, ನನ್ನ ತಕರಾರಿಲ್ಲ. ನಿಮ್ಮಪ್ಪ ಒಂದೊಂದು ಇಟ್ಟಿಗೆ ಎಣಿಸಿ ಕಟ್ಟಿಸಿದ ಮನೆ ಅಂತ ಎದೆ ಬಡಿದುಕೊಳ್ಳುವವಳು ನಾನಲ್ಲ. ಕಟ್ಟಿಸಿದವರು ಹೋದರು, ಮಕ್ಕಳಲ್ಲಿ ಒಬ್ಬ ಪುಣೆ, ಒಬ್ಬಳು ಮಂಗಳೂರು. ಸೋರುವ ತಾರಸಿಗೆ ವರ್ಷಕ್ಕೊಂದು ಸಲ ದುಡ್ಡು ಸುರಿಯುತ್ತ ಯಾರು ಕೂರುತ್ತಾರೆ? ಆದರೆ ಫೋನ್ ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದೆಯಲ್ಲ, "ಬಾಡಿಗೆಯವರಿಗೆ ಈಗಲೇ ಹೇಳೋದು ಬೇಡ, ಗಿರಾಕಿ ಗಟ್ಟಿಯಾದ ಮೇಲೆ ನೋಡ್ಕೊಳ್ಳೋಣ" ಅಂತ, ಅದು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ಪೂರ್ತಿ ಕೇಳಿಸಿಕೊಳ್ಳುವವನಲ್ಲ.

ಬ್ಯಾಂಕಿನ ಸಾಲದ ವಿಭಾಗದಲ್ಲಿ 32 ವರ್ಷ ಕೂತು ಊರವರ ಮನೆ ಪತ್ರಗಳನ್ನೆಲ್ಲ ತಿರುವಿ ಹಾಕಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ಬಾಡಿಗೆ ಮನೆಯಲ್ಲಿ 19 ವರ್ಷ ಇದ್ದೆ, ಆಮೇಲೆ ನಾನೇ ಓನರಮ್ಮ ಅನ್ನಿಸಿಕೊಂಡೆ. ಎರಡೂ ಕಡೆಯ ಬಾಗಿಲಲ್ಲಿ ನಿಂತು ನೋಡಿದವಳು ಅಂತ ಇದನ್ನು ಓದು.

ತ್ಯಾಗರಾಜನಗರದ ವಠಾರದಲ್ಲಿ ನಾವಿದ್ದಾಗಿನ ಕಥೆ ಇದು, ನೀನಿನ್ನೂ ಹುಟ್ಟಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಬಾಗಿಲು ತಟ್ಟಿದವರು ಉತ್ತರಕ್ಕೂ ಕಾಯದೆ ಒಳಗೇ ಬಂದರು, ನಾಲ್ಕು ಜನ. ಚಪ್ಪಲಿ ಹಾಕಿಕೊಂಡೇ ದೇವರ ಕೋಣೆಗೆ ಇಣುಕಿದರು. ಅಡುಗೆಮನೆಗೆ ಬಂದ ಒಬ್ಬ, ನಾನು ಅಲ್ಲಿ ನಿಂತೇ ಇಲ್ಲವೇನೋ ಎಂಬ ಹಾಗೆ ಗೋಡೆಗೆ ಬೆರಳಿನಿಂದ ಕುಟ್ಟಿ, "ಇದನ್ನ ಒಡೆದರೆ ಹಾಲ್ ದೊಡ್ಡದಾಗುತ್ತೆ" ಅಂದ. ನಿಮ್ಮ ದೊಡ್ಡಪ್ಪ ಯಾರು ನೀವು ಅಂತ ಕೇಳಿದಾಗ, "ಮನೆ ಕೊಂಡ್ಕೊಳ್ಳೋಕೆ ಬಂದಿದ್ದೀವಿ, ಓನರ್ ಹೇಳಿಲ್ವಾ?" ಅಂದರು. ನಮ್ಮ ಮನೆ ಮಾರಾಟಕ್ಕಿದೆ ಅಂತ ನಮಗೆ ಗೊತ್ತಾದದ್ದು ಹಾಗೆ. ಒಗ್ಗರಣೆ ಸೀದು ಹೋಯಿತು. ಮುಂದಿನ ವಾರ ಇನ್ನೊಬ್ಬ ಗಿರಾಕಿ ಬಂದ, ಪಾಪ ಮರ್ಯಾದಸ್ಥ. ಅವನು "ಮನೆ ಹೇಗಿದೆ ತಾಯಿ?" ಅಂತ ಕೇಳಿದ. "ಮಳೆಗಾಲದಲ್ಲಿ ಬಚ್ಚಲ ಗೋಡೆ ನೀರು ಕುಡಿಯುತ್ತಪ್ಪಾ, ಸಂಪಿಗೆ ಮೂರು ದಿನಕ್ಕೊಮ್ಮೆ ನೀರು" ಅಂದೆ. ಒಂದಕ್ಷರ ಸುಳ್ಳಲ್ಲ. ಆದರೆ ಓನರ್ ಹಿಂದಿನ ಭಾನುವಾರ ಬಂದು ಒಂದು ಮಾತು ಹೇಳಿದ್ದಿದ್ದರೆ ಆ ನಿಜ ನನ್ನ ಬಾಯಿಂದ ಬರುತ್ತಿರಲಿಲ್ಲ. ಆ ಗಿರಾಕಿ ಮತ್ತೆ ಬರಲಿಲ್ಲ.

ನೀನು ಮಾರುವುದು ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಮೇಷ್ಟ್ರಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀಯಾ? ಬ್ರೋಕರ್‌ಗೆ ಹೇಳಿದ ಮೇಲೆ ಬೀದಿ ಮೂಲೆಯ ಕಾಂಡಿಮೆಂಟ್ಸ್ ಅಂಗಡಿಗೂ ಇಸ್ತ್ರಿಯವನಿಗೂ ಹೇಳಿದ ಹಾಗೆಯೇ. ನಾಳೆಯೋ ನಾಡಿದ್ದೋ ಗೊತ್ತಾಗುತ್ತದೆ. ಯಾರ ಬಾಯಿಂದ ಗೊತ್ತಾಗುತ್ತದೆ ಅನ್ನುವುದಷ್ಟೇ ಉಳಿದಿರುವ ಪ್ರಶ್ನೆ. ಹದಿನಾಲ್ಕು ವರ್ಷ ಒಂದನೇ ತಾರೀಖು ತಪ್ಪದೆ ಬಾಡಿಗೆ ಕೊಟ್ಟವರು ಅವರು. ನಿಮ್ಮಪ್ಪನಿಗೆ ಎದೆ ಹಿಡಿದ ರಾತ್ರಿ ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದ್ದೂ ಅವರೇ. ಆ ಋಣದ ಮಾತು ಬಿಡು, ಬರೀ ವ್ಯವಹಾರ ಅಂತಲೇ ನೋಡು. ಮನೆ ನೋಡಲು ಬರುವ ಪ್ರತಿಯೊಬ್ಬನಿಗೂ ಬಾಗಿಲು ತೆಗೆಯುವವರು ಯಾರು? ಕೊಳ್ಳುವವನಿಗೆ ಸಾಲ ಕೊಡುವ ಬ್ಯಾಂಕಿನ ವ್ಯಾಲ್ಯುಯರ್ ಟೇಪು ಹಿಡಿದು ಬಂದಾಗ ಮಂಚ ಸರಿಸಿ ಕೋಣೆ ತೋರಿಸುವವರು ಯಾರು? ನೀನು ಪುಣೆಯಲ್ಲಿರುತ್ತೀಯ. ಬುದ್ಧಿವಂತ ಗಿರಾಕಿ ಬಾಡಿಗೆಯವರನ್ನು ಮಾತಾಡಿಸದೆ ಹೋಗುವುದಿಲ್ಲ. ಹೋಗಲೂಬಾರದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಹಾಗೆ ಹೇಳುತ್ತದೆ: ಆಸ್ತಿಯಲ್ಲಿ ಯಾರು ವಾಸವಾಗಿದ್ದಾರೋ ಅವರಿಗಿರುವ ಹಕ್ಕು ಕೊಳ್ಳುವವನಿಗೆ ಗೊತ್ತಿತ್ತು ಅಂತಲೇ ಲೆಕ್ಕ. ಆಮೇಲೆ "ನನಗೆ ಯಾರೂ ಹೇಳಲಿಲ್ಲ" ಅಂದರೆ ನಡೆಯುವುದಿಲ್ಲ. ಹನ್ನೊಂದು ತಿಂಗಳ ಬಾಡಿಗೆ ಕರಾರು ಇಸಿಯಲ್ಲಿ, ಅಂದರೆ ಋಣಭಾರ ಪತ್ರದಲ್ಲಿ, ಕಾಣುವುದಿಲ್ಲವಾದ್ದರಿಂದ ಅವನು ಮನೆಗೇ ಬಂದು ಕೇಳಬೇಕು. ಅಂದಮೇಲೆ ನಿನ್ನ ಮನೆಗೆ ಎಷ್ಟು ಬೆಲೆ ಬರುತ್ತದೆ ಅನ್ನುವುದರಲ್ಲಿ ಮೇಷ್ಟ್ರ ಮುಖದ ಕಳೆಯ ಪಾಲೂ ಇದೆ.

ನಿನ್ನ ಅಕ್ಕ ಇನ್ನೊಂದು ಭಯ ಹೇಳಿದಳು, "ಹನ್ನೆರಡು ವರ್ಷ ಆದ್ರೆ ಮನೆ ಅವರದ್ದೇ ಆಗ್ಬಿಡುತ್ತಂತೆ" ಅಂತ. ಯಾರು ಈ ಮಾತನ್ನು ಬೆಂಗಳೂರಿನ ಗಾಳಿಯಲ್ಲಿ ಬಿಟ್ಟರೋ! ಬಾಡಿಗೆ ಕೊಟ್ಟು ಇರುವವನು ಓನರ್ ಒಪ್ಪಿಗೆಯಿಂದ ಇರುವವನು. ಹನ್ನೆರಡಲ್ಲ, ನಲವತ್ತು ವರ್ಷ ಇದ್ದರೂ ಅಷ್ಟರಿಂದಲೇ ಮನೆ ಅವನದಾಗುವುದಿಲ್ಲ. ಗೃಹಜ್ಯೋತಿಗೆ ಮೇಷ್ಟ್ರು ತಮ್ಮ ಆಧಾರ್ ಅನ್ನು ನಿಮ್ಮ ಮನೆಯ ಆರ್‌ಆರ್ ನಂಬರಿಗೆ ಜೋಡಿಸಿದ್ದಾರೆ ಅಂತಲೂ ಅವಳಿಗೆ ಹೆದರಿಕೆ. ಅದು ಕರೆಂಟ್ ಬಿಲ್ಲಿನ ವಿಷಯ, ಹಕ್ಕಿನ ವಿಷಯವಲ್ಲ. ಖಾಲಿ ಮಾಡುವಾಗ ಡಿ-ಲಿಂಕ್ ಮಾಡಿಸಿಕೊಳ್ಳಲಿ, ಹೊಸ ಮನೆಗೆ ಹಾಕಿಕೊಳ್ಳಲು ಅವರಿಗೂ ಅದು ಬೇಕು.

ಕಾನೂನು ಇನ್ನೇನು ಹೇಳುತ್ತದೆ ಅಂತ ಕೇಳಿದರೆ, ಅದೇ 1882ರ ಕಾಯ್ದೆಯ 109ನೇ ಕಲಂ ಓದಿಸಿಕೋ. ಬಾಡಿಗೆಗಿರುವ ಮನೆ ಮಾರಲು ಯಾರ ಅಡ್ಡಿಯೂ ಇಲ್ಲ, ಆದರೆ ಮಾರಿದ ಮಾತ್ರಕ್ಕೆ ಬಾಡಿಗೆ ಮುರಿಯುವುದೂ ಇಲ್ಲ. ಕೊಂಡವನು ನಿನ್ನ ಜಾಗಕ್ಕೆ ಬಂದು ನಿಲ್ಲುತ್ತಾನೆ, ನಿನ್ನ ಹಕ್ಕು ಅವನಿಗೆ, ಬಾಡಿಗೆಯವರು ಒಪ್ಪಿದರೆ ನಿನ್ನ ಹೊಣೆಯೂ ಅವನ ತಲೆಗೆ. ಮಾರಾಟಕ್ಕೆ ಮುಂಚಿನ ಬಾಡಿಗೆ ಬಾಕಿ, ಬೇರೆ ಕರಾರಿಲ್ಲದಿದ್ದರೆ, ಅವನಿಗೆ ಸೇರುವುದಿಲ್ಲ. ಇನ್ನೊಂದು ಚೆಂದದ ಮಾತೂ ಅಲ್ಲಿದೆ: ಮನೆ ಮಾರಿದ್ದು ಗೊತ್ತಿಲ್ಲದೆ ಬಾಡಿಗೆಯವನು ಹಳೆಯ ಓನರ್‌ಗೇ ದುಡ್ಡು ಕೊಟ್ಟಿದ್ದರೆ ಹೊಸಬನಿಗೆ ಮತ್ತೆ ಕೊಡಬೇಕಾಗಿಲ್ಲ. ಹೇಳದೆ ಮುಚ್ಚಿಟ್ಟವನದೇ ತಪ್ಪು ಅನ್ನುವುದನ್ನು ನೂರನಲವತ್ತು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಚಿಂತೆ ನಿನಗೆ ಬೇಡ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ವಾಸದ ಮನೆಗೆ ಅದು ಅನ್ವಯವಾಗುವುದಿಲ್ಲ. ಪೇಟೆಯ ಕಡೆ ಇನ್ನೂ ನೂರಿನ್ನೂರಕ್ಕೆ ಇರುವ ಹಳೆ ಕುಳಗಳ ಕಥೆ ಬೇರೆ.

"ಹದಿನೈದು ದಿನದ ನೋಟಿಸ್ ಕೊಟ್ರೆ ಸಾಕಂತೆ" ಅಂತ ನಿನ್ನ ಸ್ನೇಹಿತ ಹೇಳಿದನಂತೆ. ತಿಂಗಳ ಬಾಡಿಗೆಗೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಕಾನೂನು ಹೇಳುವ ಅವಧಿ ಅಷ್ಟೇ, ನಿಜ. ನಿಮ್ಮಪ್ಪನ ಕರಾರು ತೆಗೆದು ನೋಡು, ಎರಡು ತಿಂಗಳು ಅಂತಿದ್ದರೆ ಎರಡು ತಿಂಗಳೇ. ಆದರೆ ನೋಟಿಸ್‌ನಿಂದ ಮುಗಿಯುವುದು ಬಾಡಿಗೆಯ ಸಂಬಂಧ. ಮನೆ ಖಾಲಿಯಾಗುವುದಿಲ್ಲ. ಅವರು ಏಳುವುದಿಲ್ಲ ಅಂತ ಕೂತರೆ ನೀನು ಸ್ಮಾಲ್ ಕಾಸಸ್ ಕೋರ್ಟಿನ ಮೆಟ್ಟಿಲು ಹತ್ತಬೇಕು, ಪುಣೆಯಿಂದ ರಜೆ ಹಾಕಿ ಹಾಕಿ ಬರಬೇಕು. ಕೇಸಿರುವ ಮನೆಗೆ ಗಿರಾಕಿ ಅರ್ಧ ಬೆಲೆಗೆ ಕೇಳುತ್ತಾನೆ. ನೀರು ನಿಲ್ಲಿಸುವುದು, ಬೀಗ ಹಾಕುವುದು, ಬ್ರೋಕರ್ ಕಡೆಯ ಹುಡುಗರನ್ನು ಕಳಿಸುವುದು, ಇಂಥ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಅವರ ಫೋನ್ ನಂಬರನ್ನೇ ಅಳಿಸು. ಕಾನೂನಿನ ದಾರಿ ಬಿಟ್ಟು ಹೊರಹಾಕಿಸಿಕೊಂಡವನು ಆರು ತಿಂಗಳೊಳಗೆ ಕೋರ್ಟಿಗೆ ಹೋದರೆ, ಮನೆ ಯಾರದು ಅಂತಲೂ ಕೇಳದೆ ಅವನಿಗೆ ಸ್ವಾಧೀನ ವಾಪಸು ಕೊಡಿಸಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಅವಕಾಶವಿದೆ.

ಸುಳ್ಳು ಹೇಳುವುದೂ ಬೇಡ. "ಅಮ್ಮನ್ನ ಕರ್ಕೊಂಡು ನಾವೇ ಬಂದಿರ್ತೀವಿ ಅಂದ್ರೆ ಖಾಲಿ ಮಾಡ್ತಾರೆ" ಅಂತ ನೀನು ಅಂದಾಗ ನಿಮ್ಮಮ್ಮ ಪಕ್ಕದಲ್ಲೇ ಇದ್ದಳಾ? ಮೂರು ತಿಂಗಳಲ್ಲಿ ಜೆಸಿಬಿ ಬಂದು ನಿಂತಾಗ ಬೀದಿಯವರೆಲ್ಲ ಏನಂದುಕೊಳ್ಳುತ್ತಾರೆ ಅಂತ ಯೋಚನೆ ಮಾಡು. ಹಾಗೆಯೇ ಇದರ ಉಲ್ಟಾ ಸುಳ್ಳೂ ಒಂದಿದೆ, ಬ್ರೋಕರ್‌ಗಳು ಬೆಲ್ಲದ ಹಾಗೆ ಹಂಚುವುದು: "ಹೊಸ ಓನರ್ ನಿಮ್ಮನ್ನೇ ಇಟ್ಕೋತಾರೆ, ಯೋಚನೆ ಬೇಡ." 30x40 ಸೈಟಿನ ಮೇಲಿರುವ ಹಳೆಯ ಮನೆ ಕಣೋ ಅದು. ಹನುಮಂತನಗರದಲ್ಲಿ ಅಂಥದ್ದನ್ನು ಕೊಳ್ಳುವವರು ಕೊಳ್ಳುವುದು ನೆಲವನ್ನು. ಒಡೆದು ನಾಲ್ಕು ಮಹಡಿ ಎತ್ತುತ್ತಾರೆ. ನಿಮ್ಮ ಮನೆಯ ಬಾಡಿಗೆಯವರು ಹೋಗಲೇಬೇಕಾಗುತ್ತದೆ, ಅದನ್ನು ನೇರವಾಗಿ ಹೇಳು. ಹೋಗಲು ಬೇಕಾದಷ್ಟು ಕಾಲವನ್ನೂ ಜೊತೆಗೇ ಕೊಡು.

ಕಾಲದ ವಿಷಯಕ್ಕೆ ನನ್ನದೇ ಮೂರ್ಖತನ ಒಂದಿದೆ, ನಿನಗೆ ಯಾವತ್ತೂ ಹೇಳಿರಲಿಲ್ಲ. ಹದಿನೈದು ವರ್ಷದ ಹಿಂದೆ ನಮ್ಮ ಸಣ್ಣ ಮನೆ ಮಾರಿದೆವಲ್ಲ, ಆಗ ಒಳ್ಳೆ ರೇಟು ಬಂತು ಅನ್ನುವ ಸಂಭ್ರಮದಲ್ಲಿ ಅಗ್ರಿಮೆಂಟಿನಲ್ಲಿ "ಫೆಬ್ರವರಿ ಕೊನೆಯೊಳಗೆ ಖಾಲಿ ಸ್ವಾಧೀನ" ಅಂತ ಬರೆದು ಸಹಿ ಹಾಕಿದೆ. ಸಹಿ ಹಾಕಿದ ಮೇಲೆ ಬಾಡಿಗೆಯವರ ಮನೆಗೆ ಹೋದೆ. ಆಕೆ ಕಾಫಿ ತಂದಿಟ್ಟು, "ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಮುಗಿಯೋ ತನಕ ನಾನು ಒಂದು ಪಾತ್ರೆ ಕೂಡ ಆ ಕಡೆ ಈ ಕಡೆ ಮಾಡಲ್ಲ ಮೇಡಂ" ಅಂದಳು. ಸಿಟ್ಟೇ ಇರಲಿಲ್ಲ ಆಕೆಯ ದನಿಯಲ್ಲಿ. ನಾನೂ ಒಬ್ಬ ತಾಯಿ, ಏನು ಹೇಳಲಿ? ಆ ಕಡೆ ಕೊಂಡವನು ಫೆಬ್ರವರಿ ನಂಬಿಕೊಂಡು ತನ್ನ ಬಾಡಿಗೆ ಮನೆ ಬಿಟ್ಟಾಗಿತ್ತು. ಕೊನೆಗೆ ಎರಡು ತಿಂಗಳು ಅವನು ಬೇರೆ ಕಡೆ ಇದ್ದುದಕ್ಕೆ ನಾನು ಬಾಡಿಗೆ ಕಟ್ಟಿದೆ, ರಿಜಿಸ್ಟ್ರೇಷನ್ ದಿನ ಅವನು ಒಂದು ಲಕ್ಷ ಹಿಡಿದುಕೊಂಡೇ ಸಹಿ ಮಾಡಿಸಿಕೊಂಡ. ಅವನ ತಪ್ಪೂ ಇಲ್ಲ, ಆಕೆಯ ತಪ್ಪೂ ಇಲ್ಲ. ಕೊಡಲು ನನ್ನ ಕೈಯಲ್ಲಿಲ್ಲದ ಬೀಗದ ಕೈಯನ್ನು ಕೊಡುತ್ತೇನೆ ಅಂತ ಬರೆದುಕೊಟ್ಟವಳು ನಾನು.

ಮೇಷ್ಟ್ರ ಮೊಮ್ಮಗ ಈ ವರ್ಷ ಸೆಕೆಂಡ್ ಪಿಯುಸಿ. ಈಗ ನವೆಂಬರ್. ಪರೀಕ್ಷೆ ಮುಗಿದು, ಆಷಾಢ ಹಿಡಿಯುವುದಕ್ಕೆ ಮುಂಚೆ, ಅಂದರೆ ಏಪ್ರಿಲ್ ಮೇ ತಿಂಗಳಲ್ಲಿ ಖಾಲಿ ಅಂತ ಇಟ್ಟುಕೋ. ಆಷಾಢದಲ್ಲಿ ಅವರು ಹಾಲು ಉಕ್ಕಿಸುವವರಲ್ಲ. ಆರು ತಿಂಗಳು ಜಾಸ್ತಿ ಅಂತ ನಿನಗೆ ಅನ್ನಿಸಬಹುದು. ನಿನ್ನ ಕಾಗದಗಳಿಗೇ ಅಷ್ಟು ಬೇಕು. ಖಾತಾ ಇನ್ನೂ ನಿಮ್ಮಪ್ಪನ ಹೆಸರಿನಲ್ಲಿದೆ. ವಂಶವೃಕ್ಷ ಮಾಡಿಸಿ, ಅಮ್ಮ, ನೀನು, ಅಕ್ಕ ಮೂವರ ಹೆಸರಿಗೆ ತರಿಸಿ ಇ-ಖಾತಾ ಪಡೆಯಬೇಕು. ಅದಿಲ್ಲದೆ ಬೆಂಗಳೂರಿನಲ್ಲಿ ಈಗ ಕ್ರಯಪತ್ರ ನೋಂದಣಿಯಾಗುವುದಿಲ್ಲ.

ಇನ್ನು ಅಡ್ವಾನ್ಸ್. ನಿಜವಾಗಿ ನಾನು ಬರೆಯಲು ಕೂತದ್ದೇ ಇದಕ್ಕೆ. ಪೆನ್ನು ತೆಗೆದುಕೋ. ಮೇಷ್ಟ್ರು ಹದಿನಾಲ್ಕು ವರ್ಷದ ಹಿಂದೆ ಕೊಟ್ಟದ್ದು ಒಂದೂವರೆ ಲಕ್ಷ. ಮಹಡಿ ಮೇಲಿನವರು ಲೀಸ್‌ಗೆ ಕೊಟ್ಟದ್ದು 12 ಲಕ್ಷ. ತಾರಸಿ ರೂಮಿನ ಹುಡುಗರದು 50 ಸಾವಿರ. ಒಟ್ಟು 14 ಲಕ್ಷ. ಮೇಷ್ಟ್ರ ದುಡ್ಡು ನಿಮ್ಮಕ್ಕನ ಮದುವೆಗೆ ಹೋಯಿತು, ಲೀಸಿನ ದುಡ್ಡು ಅಮ್ಮನ ಆಪರೇಷನ್‌ಗೂ ಪೈಂಟಿಂಗಿಗೂ ಹೋಯಿತು, ನನಗೆ ಗೊತ್ತು. ಮನೆಯ ಬೆಲೆಯನ್ನು ಇಬ್ಬರಿಗೆ ಭಾಗ ಮಾಡಿ ಇಎಂಐ ತೀರಿಸುವ ಲೆಕ್ಕ ನೀನು ಹೇಳಿದೆಯಲ್ಲ, ಅದರಲ್ಲಿ ಈ 14 ಲಕ್ಷ ಎಲ್ಲೂ ಬರಲಿಲ್ಲ. ಬಾಡಿಗೆ ಹುಟ್ಟುವಳಿ, ಅಡ್ವಾನ್ಸ್ ಸಾಲ. ನಮ್ಮೂರಿನ ಅರ್ಧ ಓನರ್‌ಗಳು ಇದನ್ನು ಮರೆತೇ ಬದುಕುತ್ತಾರೆ. ಈ ಬಾಡಿಗೆಯವನ ಅಡ್ವಾನ್ಸ್ ಕೊಡಲು ಮುಂದಿನ ಬಾಡಿಗೆಯವನ ಅಡ್ವಾನ್ಸ್ ಬರಬೇಕು, ಹಾಗೇ ಉರುಳಿಕೊಂಡು ಹೋಗುತ್ತದೆ. ಮಾರುವಾಗ ಮುಂದಿನ ಬಾಡಿಗೆಯವನು ಇರುವುದಿಲ್ಲವಲ್ಲ, ಗಾಲಿ ಅಲ್ಲಿಗೆ ನಿಲ್ಲುತ್ತದೆ.

ಮೇಷ್ಟ್ರಿಗೆ ಖಾಲಿ ಮಾಡುವ ಮನಸ್ಸಿದ್ದರೂ ದುಡ್ಡು ಕೈಗೆ ಬರದೆ ಹೇಗೆ ಹೋಗುತ್ತಾರೆ? ಹೊಸ ಮನೆಯ ಓನರ್ ಅಡ್ವಾನ್ಸ್ ಕೇಳುತ್ತಾನೆ. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಅನ್ನುವುದು ಬೆಂಗಳೂರಿನ ಹಳೆಯ ರೂಢಿ. ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ 2021ರಲ್ಲಿ ವಾಸದ ಮನೆಗೆ ಎರಡು ತಿಂಗಳದ್ದು ಸಾಕು ಅಂದಿತು, ಆದರೆ ಆ ಸುದ್ದಿ ನಮ್ಮ ಬಡಾವಣೆಯ ಓನರ್‌ಗಳ ಕಿವಿಗೆ ಬಿದ್ದ ಹಾಗೆ ಕಾಣುವುದಿಲ್ಲ. ಆದ್ದರಿಂದ ನಿನಗೆ ಅಗ್ರಿಮೆಂಟ್ ಹಣ ಬಂದ ದಿನವೇ ಮೇಷ್ಟ್ರ ಅಡ್ವಾನ್ಸಿನ ಅರ್ಧ ಅವರ ಖಾತೆಗೆ ಹಾಕು. ಉಳಿದರ್ಧ ಬೀಗದ ಕೈ ಕೊಡುವ ದಿನ, ಬಾಗಿಲಲ್ಲೇ. ಪೈಂಟಿಂಗ್ ಖರ್ಚು ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಪದ್ಧತಿ ಇದೆಯಲ್ಲ, ಅದನ್ನು ಎತ್ತಬೇಡ. ನಿನ್ನ ಕೆಲಸಕ್ಕಾಗಿ ಅವರು ಏಳುತ್ತಿದ್ದಾರೆ, ಆ ಗೋಡೆಯನ್ನು ಹೇಗೂ ಒಡೆಯುತ್ತಾರೆ. ಕೊನೆಯ ತಿಂಗಳ ಬಾಡಿಗೆ ಬೇಡ ಅಂದುಬಿಡು, ಲಾರಿ ಖರ್ಚಿಗಾಯಿತು. ತಾರಸಿಯ ಹುಡುಗರದು ದೊಡ್ಡ ಮಾತಲ್ಲ, ಅವರು ಎರಡು ಬ್ಯಾಗು ಹಾಸಿಗೆ ಹಿಡಿದು ಒಂದು ವಾರದಲ್ಲಿ ಹೊರಡುತ್ತಾರೆ. ಆದರೆ ಅವರ ಐವತ್ತು ಸಾವಿರವನ್ನು ಆಮೇಲೆ ಆಮೇಲೆ ಅಂತ ಎಳೆದಾಡಬೇಡ. ಹುಡುಗರು ಅಂತ ಸದರ ಮಾಡಿಕೊಳ್ಳುವುದೇ ಹೆಚ್ಚು.

ಲೀಸಿನವರ ವಿಷಯ ಸೂಕ್ಷ್ಮ. ಅವರು ತಿಂಗಳ ಬಾಡಿಗೆ ಕೊಡುವವರಲ್ಲ, 12 ಲಕ್ಷ ಒಟ್ಟಿಗೆ ಕೊಟ್ಟು, ಅದು ವಾಪಸು ಬರುವವರೆಗೆ ಇರುವವರು. ನಮ್ಮ ಕಾಲದಲ್ಲಿ ಭೋಗ್ಯ ಅನ್ನುತ್ತಿದ್ದೆವು. ನಿಜವಾದ ಭೋಗ್ಯಪತ್ರವಾದರೆ ನೋಂದಣಿಯಾಗಬೇಕು, ಇಸಿಯಲ್ಲಿ ಕಾಣಬೇಕು. ಬೆಂಗಳೂರಿನಲ್ಲಿ ಬಹಳ ಜನ ಮಾಡುವುದು ಬರೀ ಸ್ಟಾಂಪ್ ಪೇಪರಿನ ಕರಾರು, ನಿಮ್ಮಪ್ಪ ಮಾಡಿದ್ದೂ ಅದೇ. ಕಾಗದ ಹೇಗೇ ಇರಲಿ, ದುಡ್ಡು ಪಡೆದದ್ದು ನಿಜ. ಅದು ಆ ಮನೆಯವರ ಇಡೀ ಜನ್ಮದ ಉಳಿತಾಯ. ಕೊಳ್ಳುವವನೊಂದಿಗೆ ಮೊದಲೇ ಮಾತಾಡಿ, ಆ 12 ಲಕ್ಷವನ್ನು ಬೆಲೆಯಲ್ಲಿ ಮುರಿದುಕೊಂಡು ನೇರವಾಗಿ ಲೀಸಿನವರ ಹೆಸರಿಗೆ ಡಿಡಿ ತೆಗೆಸು. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುವ ಬೆಳಿಗ್ಗೆ ಅವರು ಡಿಡಿ ಪಡೆದು, ಹಳೆ ಕರಾರಿನ ಹಿಂದೆ ಸಂದಾಯವಾಯಿತು ಅಂತ ಬರೆದು ಸಹಿ ಹಾಕಿ, ಬೀಗದ ಕೈ ಕೊಡಲಿ. ನಿನ್ನ ಖಾತೆಗೆ ಬಂದು ಆಮೇಲೆ ಕೊಡುತ್ತೇನೆ ಅಂದರೆ ಅವರು ನಂಬಬಾರದು. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ, ನೀನು ನನ್ನ ತಂಗಿಯ ಮಗನೇ ಆಗಿದ್ದರೂ.

ಕ್ರಯಪತ್ರದ ಕರಡು ಬಂದಾಗ ನನಗೆ ವಾಟ್ಸಾಪಿನಲ್ಲಿ ಕಳಿಸು. ಪತ್ರ ಬರೆಯುವವರು ಹಳೆಯ ನಮೂನೆಯನ್ನೇ ತಿದ್ದಿ ಕೊಡುತ್ತಾರೆ, ಅದರಲ್ಲಿ "ಈ ದಿನ ಖಾಲಿ ಸ್ವಾಧೀನ ಕೊಟ್ಟಿರುತ್ತೇನೆ" ಅನ್ನುವ ಸಾಲು ತಾನಾಗಿ ಬಂದು ಕೂತಿರುತ್ತದೆ. ಒಳಗೆ ಜನ ಇರುವಾಗ ಆ ಸಾಲಿಗೆ ಸಹಿ ಹಾಕಬೇಡ. ಯಾರಾದರೂ ಉಳಿಯುವುದಾದರೆ ಯಾರು, ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಅದನ್ನು ಕೊಂಡವನಿಗೆ ವಹಿಸಿದ್ದೀಯ ಅಂತ ಸ್ಪಷ್ಟವಾಗಿ ಬರೆಸು. ಬಾಡಿಗೆಯವರಿಗೂ ಒಂದು ಪತ್ರ ಕೊಡು, ಇಂಥ ತಾರೀಖಿನಿಂದ ಓನರ್ ಇವರು, ಬಾಡಿಗೆ ಈ ಖಾತೆಗೆ, ನಿಮ್ಮ ಅಡ್ವಾನ್ಸಿಗೆ ಇವರೇ ಹೊಣೆ ಅಂತ. ಮೂವರೂ ಸಹಿ ಹಾಕಲಿ. ತೆರಿಗೆಗೆ ಆಡಿಟರ್ ಹತ್ತಿರ ಹೋಗು: 50 ಲಕ್ಷ ಮುಟ್ಟಿದರೆ ಕೊಳ್ಳುವವನು ನೂರಕ್ಕೆ ಒಂದು ಟಿಡಿಎಸ್ ಹಿಡಿದು ಕಟ್ಟುತ್ತಾನೆ, ಆಮೇಲೆ ಲಾಭದ ಮೇಲೆ 12.5 ಪರ್ಸೆಂಟೋ, ಹಳೆಯ ಆಸ್ತಿಯಾದ್ದರಿಂದ ಇಂಡೆಕ್ಸೇಷನ್ ಜೊತೆ 20 ಪರ್ಸೆಂಟೋ, ಯಾವುದು ಕಡಿಮೆ ಅಂತ ಅವರು ಲೆಕ್ಕ ಹಾಕುತ್ತಾರೆ.

ಮನೆ ತೋರಿಸುವುದಕ್ಕೆ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ಅಂತ ಒಂದೇ ಹೊತ್ತು ಇಟ್ಟುಕೋ, ಹಿಂದಿನ ದಿನ ಫೋನ್ ಮಾಡದೆ ಯಾರನ್ನೂ ಕಳಿಸಬೇಡ ಅಂತ ಬ್ರೋಕರ್‌ಗೆ ಹೇಳು. ಅವರ ಮಂಚ, ಅವರ ದೇವರು, ಒಣಹಾಕಿದ ಬಟ್ಟೆ ಎಲ್ಲ ಕಾಣುವ ಫೋಟೋ ತೆಗೆದು ಹಾಕಬೇಡಿ. ಹೊರಗಿನಿಂದ ತೆಗೆದದ್ದು ಸಾಕು.

ಒಂದು ವಿಷಯ ಮರೆತಿದ್ದೆ. ಮೇಷ್ಟ್ರ ಅಳಿಯ ಎರಡು ವರ್ಷದಿಂದ ಆ ಕಡೆಯೇ ಮನೆ ಹುಡುಕುತ್ತಿದ್ದಾನಂತೆ, ದೇವಸ್ಥಾನದಲ್ಲಿ ಅವರ ಮನೆಯಾಕೆ ಸಿಕ್ಕಾಗ ಹೇಳಿದ್ದರು. ಬ್ರೋಕರ್‌ಗೆ ಹೇಳುವ ಮುಂಚೆ ಅವರನ್ನು ಒಂದು ಮಾತು ಕೇಳಿದ್ದರೆ ನೂರಕ್ಕೆ ಒಂದೋ ಎರಡೋ ಕಮಿಷನ್ ಉಳಿಯುತ್ತಿತ್ತೋ ಏನೋ. ಈಗಲೂ ಕೇಳು.

ಶನಿವಾರ ಬರುತ್ತೀಯಲ್ಲ, ಬಸ್ಸಿಳಿದು ಬ್ರೋಕರ್ ಆಫೀಸಿಗೆ ಹೋಗಬೇಡ. ನಿಮ್ಮ ಅಕ್ಕನನ್ನೂ ಬರಹೇಳು, ಇಬ್ಬರೂ ಒಟ್ಟಿಗೆ ಕೆಳಗಿನ ಮನೆಗೆ ಹೋಗಿ. ಹನ್ನೊಂದಕ್ಕೆ ಹೋದರೆ ಮೇಷ್ಟ್ರು ವಾಕಿಂಗ್ ಮುಗಿಸಿ ಪೇಪರ್ ಓದುತ್ತ ಕೂತಿರುತ್ತಾರೆ. ಅಪ್ಪನ ಹಳೆ ಟ್ರಂಕಿನಿಂದ ಅವರ ಅಡ್ವಾನ್ಸಿನ ರಸೀದಿ ತೆಗೆದಿಟ್ಟುಕೊಂಡೇ ಹೋಗು. ಅಲ್ಲಿಂದ ಮಹಡಿಗೆ, ಆಮೇಲೆ ತಾರಸಿಗೆ. ಊಟ ನಮ್ಮ ಮನೆಯಲ್ಲಿ.